ಡೋರ್ನಹಳ್ಳಿ: ಉಳುವ ಹೊಲಕ್ಕೆ ಬಂದ ಕರೆ

ಮೈಸೂರು ಜಿಲ್ಲೆಯ ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿಯಲ್ಲಿ ಪಡುವಾದ ಸಂತ ಅಂತೋಣಿಯವರ ಪುಣ್ಯಕ್ಷೇತ್ರವಿದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕಪಿಲೆಯ ದಡದ ಸರಗೂರು ಸೀಮೆಯ ಕ್ರೈಸ್ತರಿಗೆ ಇದು ಹತ್ತಿರದ ದೊಡ್ಡ ಯಾತ್ರಾಸ್ಥಳ. ದೇವರ ಕರೆ ಎಂದರೇನು, ಅದಕ್ಕೆ ಮನಸ್ಸು ತೆರೆಯುವುದು ಎಷ್ಟು ಕಷ್ಟ ಎಂಬುದನ್ನು ಈ ಸೀಮೆಯಲ್ಲಿ ತಲೆಮಾರುಗಳಿಂದ ಒಬ್ಬ ರೈತನ ಕಥೆಯ ಮೂಲಕವೇ ಹೇಳಿಕೊಂಡು ಬಂದಿದ್ದಾರೆ.

ಸುಮಾರು ಇನ್ನೂರು ವರ್ಷಗಳ ಹಿಂದಿನದೆಂದು ಹೇಳಲಾಗುವ ಆ ಐತಿಹ್ಯ ಹೀಗಿದೆ. ಹೊಲ ಉಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಒಂದು ವಿಗ್ರಹ ತಗುಲಿತು. ಅದು ಯಾರದೆಂದು ತಿಳಿಯದ ಅವನು ಮನೆಗೆ ತಂದು ಮಕ್ಕಳ ಕೈಗೆ ಆಟದ ಗೊಂಬೆಯಾಗಿ ಕೊಟ್ಟ. ರಾತ್ರಿ ಕನಸಿನಲ್ಲಿ ಸನ್ಯಾಸಿಯಂಥ ವ್ಯಕ್ತಿಯೊಬ್ಬ ಕಾಣಿಸಿಕೊಂಡು, ತನ್ನನ್ನು ಕಡೆಗಣಿಸಬೇಡ, ತನಗೊಂದು ಗುಡಿ ಕಟ್ಟಿಸು ಎಂದ. ರೈತ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ಒಂದರ ಮೇಲೊಂದು ಕಷ್ಟ ಬಂದ ಮೇಲೆ ಕನಸಿನ ಮಾತು ನೆನಪಾಗಿ, ಚಿಕ್ಕದೊಂದು ಗುಡಿ ಎಬ್ಬಿಸಿ ವಿಗ್ರಹವನ್ನು ಅದರಲ್ಲಿಟ್ಟ. ಅದು ಸಂತ ಅಂತೋಣಿಯವರದೆಂದು ಬಲ್ಲವರು ಗುರುತಿಸಿದ್ದು ಆಮೇಲೆ.

ಈ ಕಥೆಯಲ್ಲಿ ಅತ್ಯಂತ ನಿಜವೆನಿಸುವುದು ರೈತನ ಅಸಡ್ಡೆ. ಬೈಬಲಿನಲ್ಲಿಯೂ ಕರೆ ಬಂದ ಕ್ಷಣವೇ ಎದ್ದು ನಡೆದವರು ಕಡಿಮೆ. ಮೋಶೆ ತನಗೆ ಮಾತು ಬರದೆಂದು ನೆಪ ಹೇಳಿದ, ಯೋನ ಹಡಗು ಹತ್ತಿ ಓಡಿಹೋದ, ಬಾಲಕ ಸಮುವೇಲ ದೇವರ ದನಿಯನ್ನು ಗುರು ಏಲಿಯ ದನಿಯೆಂದು ತಿಳಿದು ಮತ್ತೆ ಮತ್ತೆ ಅವನ ಬಳಿಗೇ ಹೋದ. ತಡವಾಗಿ ಓಗೊಟ್ಟವನನ್ನೂ ದೇವರು ಕೈಬಿಡುವುದಿಲ್ಲ ಎಂಬ ಭರವಸೆ ಡೋರ್ನಹಳ್ಳಿಯ ಭಕ್ತಿಯ ಬುಡದಲ್ಲಿದೆ.

ವಿಗ್ರಹ ಆ ಮಣ್ಣಿಗೆ ಹೇಗೆ ಬಂತೆಂಬುದಕ್ಕೆ ದಾಖಲೆಯಿಲ್ಲ. ಆದರೆ ಈ ನಾಡಿನ ಕ್ರೈಸ್ತಧರ್ಮ ಆ ಐತಿಹ್ಯಕ್ಕಿಂತ ಹಳೆಯದು. ರಣಧೀರ ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, 1649ರ ಹೊತ್ತಿಗೆ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಅವರು ಕನ್ನಡ ಕಲಿತು ಧರ್ಮೋಪದೇಶದ ಪುಸ್ತಕ, ವ್ಯಾಕರಣ, ನಿಘಂಟುಗಳನ್ನು ಬರೆದರು. ಈ ಗುರುಗಳಲ್ಲಿ ಹಲವರು ಸನ್ಯಾಸಿಗಳಂತೆ ಉಟ್ಟು, ಸಸ್ಯಾಹಾರ ಉಂಡು ಊರೂರು ಸುತ್ತಿದರು. ರೈತನ ಕನಸಿಗೆ ಬಂದವನೂ ಸನ್ಯಾಸಿಯ ವೇಷದಲ್ಲೇ ಇದ್ದುದು ಆ ದೃಷ್ಟಿಯಿಂದ ಗಮನಿಸತಕ್ಕದ್ದು.

1773ರಲ್ಲಿ ಪೋಪ್ ಯೇಸುಸಭೆಯನ್ನೇ ವಿಸರ್ಜಿಸಿದರು. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕರೆತರಿಸಿದ. ಮೈಸೂರು ಸೀಮೆಯ ಕ್ರೈಸ್ತ ಕುಟುಂಬಗಳೂ ಚದುರಿದವು. ಟಿಪ್ಪುವಿನ ಆಳ್ವಿಕೆ ಕೊನೆಗೊಂಡ 1799ರ ನಂತರ ಅವರನ್ನು ಮತ್ತೆ ಒಟ್ಟುಗೂಡಿಸಿದವರು ಪ್ಯಾರಿಸ್ ವಿದೇಶಿ ಮಿಷನ್ನಿನ ಗುರು ಅಬ್ಬೆ ಡುಬಾಯ್. 1792ರಲ್ಲಿ ಭಾರತಕ್ಕೆ ಬಂದಿದ್ದ ಅವರು ಇಲ್ಲಿನವರಂತೆ ಉಟ್ಟು ತೊಟ್ಟು ಜನರ ನಡುವೆ ಬದುಕಿದರು, ಸಿಡುಬು ಬಂದಾಗ ಸಾವಿರಾರು ಜನರಿಗೆ ದೇವಿ ಹಾಕಿಸಿದರು. ಇಷ್ಟು ದುಡಿದ ಡುಬಾಯ್ 1823ರಲ್ಲಿ ಫ್ರಾನ್ಸಿಗೆ ಮರಳುವ ಹೊತ್ತಿಗೆ ನಿರಾಶರಾಗಿದ್ದರು. ಹಿಂದೂಗಳ ಮನಸ್ಸು ಕ್ರೈಸ್ತಧರ್ಮಕ್ಕೆ ತೆರೆಯುವುದು ಅಸಾಧ್ಯವೆಂದೇ ಆ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ ವಾದಿಸಿದರು. ಮತಾಂತರದ ಲೆಕ್ಕದಲ್ಲಿ ನೋಡಿದರೆ ಅವರ ಮಾತನ್ನು ತಳ್ಳಿಹಾಕಲಾಗದು. ಆದರೆ ಹೃದಯ ತೆರೆಯುವುದಕ್ಕೆ ಅದೊಂದೇ ದಾರಿಯಲ್ಲ ಎಂಬುದಕ್ಕೆ ಡೋರ್ನಹಳ್ಳಿಯೇ ಸಾಕ್ಷಿ. ಇಲ್ಲಿ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳು ಬಹಳ ಜನ, ಮುಸ್ಲಿಮರೂ ಉಂಟು.

ಅಂತೋಣಿಯವರ ಬದುಕಿನಲ್ಲಿಯೂ ಕರೆ ನೇರವಾದ ಹಾದಿಯಲ್ಲಿ ಬರಲಿಲ್ಲ. 1195ರಲ್ಲಿ ಲಿಸ್ಬನ್ನಿನ ಸ್ಥಿತಿವಂತರ ಮನೆಯಲ್ಲಿ ಹುಟ್ಟಿದ ಅವರ ಹೆಸರು ಫೆರ್ನಾಂಡೊ. ಅಗಸ್ಟೀನರ ಮಠ ಸೇರಿ ಕೊಯಿಂಬ್ರಾದಲ್ಲಿ ಓದಿನಲ್ಲಿ ಮುಳುಗಿದ್ದಾಗ, 1220ರಲ್ಲಿ, ಮೊರೊಕ್ಕೊದಲ್ಲಿ ಹತರಾದ ಐವರು ಫ್ರಾನ್ಸಿಸ್ಕನ್ ಸೋದರರ ದೇಹಗಳನ್ನು ಅಲ್ಲಿಗೆ ತಂದರು. ಅದನ್ನು ಕಂಡು ಮನಸ್ಸು ಕದಲಿ, ಅವರಂತೆ ತಾನೂ ಪ್ರಾಣ ಕೊಡಬೇಕೆಂದು ಫ್ರಾನ್ಸಿಸ್ಕನ್ ಸಭೆ ಸೇರಿ ಅಂತೋಣಿ ಎಂಬ ಹೆಸರು ಪಡೆದರು. ಮೊರೊಕ್ಕೊಗೆ ಹೋದರೆ ಕಾಯಿಲೆ ಹಿಡಿಯಿತು; ಹಿಂದಿರುಗುವಾಗ ಬಿರುಗಾಳಿ ಹಡಗನ್ನು ಸಿಸಿಲಿಗೆ ಒಯ್ದಿತು. 1222ರಲ್ಲಿ ಫೊರ್ಲಿಯಲ್ಲಿ ಗುರುದೀಕ್ಷೆಯ ಸಮಾರಂಭಕ್ಕೆ ಸೇರಿದ್ದವರಲ್ಲಿ ಪ್ರಬೋಧನೆಗೆ ಯಾರೂ ಸಿದ್ಧರಿರಲಿಲ್ಲ. ಹಿರಿಯರ ಮಾತಿಗೆ ಮಣಿದು ಎದ್ದು ನಿಂತ ಈ ಅಪರಿಚಿತ ಸೋದರನ ನುಡಿ ಕೇಳಿ ಸಭೆ ಬೆರಗಾಯಿತು. ತಾನು ಬಯಸಿದ್ದು ಕೈಗೂಡದೆ ಹೋದಾಗ, ಎದುರಿಗೆ ಬಂದದ್ದನ್ನೇ ದೇವರ ಕರೆಯೆಂದು ಒಪ್ಪಿದ್ದು ಅವರ ಹಿರಿಮೆ. 1231ರ ಜೂನ್ 13ರಂದು ತೀರಿಕೊಂಡ ಅವರನ್ನು ಮರುವರ್ಷವೇ ಸಂತರೆಂದು ಸಾರಲಾಯಿತು.

ಸಂತನ ವಿಗ್ರಹದಲ್ಲಿ ಕಾಣುವುದು ಕಂದು ನಿಲುವಂಗಿ, ಸೊಂಟಕ್ಕೆ ಹಗ್ಗ, ತೋಳಿನಲ್ಲಿ ಬಾಲಯೇಸು. ಭಕ್ತರು ಮೋಂಬತ್ತಿ ಹಚ್ಚುತ್ತಾರೆ, ತುಟಿಯಲ್ಲೇ ಕೋರಿಕೆ ಹೇಳಿಕೊಳ್ಳುತ್ತಾರೆ. ಕಳೆದುಹೋದ ವಸ್ತು, ಹುಟ್ಟದ ಮಗು, ವಾಸಿಯಾಗದ ಕಾಯಿಲೆ, ಕೂಡಿಬರದ ಮದುವೆ: ಕೋರಿಕೆಗಳು ಬಹುಮಟ್ಟಿಗೆ ಇವೇ. ಬೇಡುವುದೇ ಭಕ್ತಿಯೆಲ್ಲವೂ ಅಲ್ಲವೆಂದು ಗುರುಗಳು ಪ್ರಬೋಧನೆಯಲ್ಲಿ ಹೇಳುವುದುಂಟು. ಆದರೂ ಬೇಡಲು ಬಂದವನು ಕೇಳಿಸಿಕೊಳ್ಳಲು ಕಲಿಯುವುದು ಇಂಥ ಜಾಗದಲ್ಲೇ. ಪಾಪನಿವೇದನೆ, ಬಲಿಪೂಜೆ, ನವದಿನಗಳ ಪ್ರಾರ್ಥನೆ ಇವೆಲ್ಲ ಮನಸ್ಸನ್ನು ಅದಕ್ಕೆ ಹದಗೊಳಿಸುವ ಸಾಧನಗಳು. ಎರಡನೆಯ ವ್ಯಾಟಿಕನ್ ಮಹಾಸಭೆ ನಡೆದದ್ದು 1962ರಿಂದ 1965ರವರೆಗೆ. ಅದರ ಫಲವಾಗಿ ಲ್ಯಾಟಿನ್ ಜಾಗಕ್ಕೆ ಕನ್ನಡ ಬಂದಾಗ, ಪೂಜೆಯ ಪ್ರತಿಯೊಂದು ಮಾತೂ ಹಳ್ಳಿಯವರಿಗೆ ಅರ್ಥವಾಗತೊಡಗಿತು. ಈ ಸೀಮೆಯ ಕ್ರೈಸ್ತರ ಪಾಲಿಗೆ ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಬದಲಾವಣೆ ಅದೇ.

ಇದೇ ಸೀಮೆಯ ಪ್ರೊಟೆಸ್ಟೆಂಟರು ದೇವರ ಕರೆಯನ್ನು ಕನ್ನಡ ಬೈಬಲಿನ ಓದಿನಲ್ಲಿ, ಸೇವೆಯಲ್ಲಿ ಕಂಡರು. ವೆಸ್ಲಿಯನ್ ಮಿಷನ್ 1906ರಲ್ಲಿ ಮೈಸೂರಿನಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಜನರ ಬಾಯಲ್ಲಿ ಇಂದಿಗೂ ಮಿಷನ್ ಆಸ್ಪತ್ರೆ.

ಡೋರ್ನಹಳ್ಳಿ ಇಂದು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದೆ; ಈ ಧರ್ಮಪ್ರಾಂತ್ಯ ರಚನೆಯಾದದ್ದು 1886ರಲ್ಲಿ. ಮಂಗಳವಾರ ಸಂತ ಅಂತೋಣಿಯವರ ವಾರ, ಜೂನ್ 13 ವಾರ್ಷಿಕ ಹಬ್ಬ. 2019ರಲ್ಲಿ ಪೋಪ್ ಫ್ರಾನ್ಸಿಸ್ ಈ ದೇವಾಲಯವನ್ನು ಕಿರಿಯ ಬೆಸಿಲಿಕಾ ದರ್ಜೆಗೆ ಏರಿಸಿದರು. ಬೆಂಗಳೂರಿನ ಸಂತ ಮರಿಯಮ್ಮನವರ ಮತ್ತು ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ದೇವಾಲಯಗಳ ನಂತರ ಕರ್ನಾಟಕದಲ್ಲಿ ಆ ಗೌರವ ಪಡೆದದ್ದು ಇದು.