ಕಲ್ಲಹಳ್ಳಿಯ ಪ್ರಭುವೂ ಹ್ಯಾಂಡ್‌ಪೋಸ್ಟಿನ ತಂಬಿಟ್ಟೂ

ಹ್ಯಾಂಡ್‌ಪೋಸ್ಟ್ ಎಂಬುದು ಒಂದು ಊರಿನ ಹೆಸರೆಂದರೆ ಹೊರಗಿನವರು ನಗುವುದುಂಟು. ಮೈಸೂರಿನಿಂದ ಮಾನಂದವಾಡಿಯ ಕಡೆಗೆ ಹೋಗುವಾಗ, ಹೆಗ್ಗಡದೇವನಕೋಟೆ ಇನ್ನೇನು ಬಂದಿತು ಎನ್ನುವಷ್ಟರಲ್ಲಿ ಸಿಗುವ ಕೂಡುರಸ್ತೆ ಅದು. ದಾರಿ ತೋರುವ ಕಂಬಕ್ಕೆ ಇಂಗ್ಲಿಷಿನವರು ಇಟ್ಟ ಹೆಸರೇ ಇಲ್ಲಿ ಊರಿನ ಹೆಸರಾಗಿ ನಿಂತುಬಿಟ್ಟಿತು. ಅಂಥ ಕಂಬಕ್ಕೆ ಕನ್ನಡದಲ್ಲಿ ‘ಕೈಮರ’ ಎಂಬ ಚೆಲುವಾದ ಮಾತುಂಟು. ಚಿಕ್ಕಮಗಳೂರಿನ ಕಡೆ ಆ ಹೆಸರಿನ ಊರೇ ಉಂಟು. ನಮಗೆ ಮಾತ್ರ ಪರಭಾಷೆಯ ಹೆಸರೇ ಒಗ್ಗಿಹೋಯಿತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮಲ್ಲೇ ಇದ್ದ ವಸ್ತುವೊಂದು ಪರದೇಶದ ಹೆಸರು ಹೊತ್ತು ಮರಳಿ ಬಂದಾಗ ಅದರ ಗುರುತು ಹಿಡಿಯದಿರುವುದು ಬೇರೆ ಮಾತು. ಅಂಥದೊಂದು ವಸ್ತುವಿನ ಕಥೆಯನ್ನು ವಾಚಕರ ಮುಂದಿಡಬೇಕೆಂದು ಈ ಬರಹ.

ಕಳೆದ ವರ್ಷ ಶ್ರಾವಣ ಕಳೆದ ಮೇಲಿನ ಒಂದು ಬೆಳಗ್ಗೆ, ಮೊದಲನೆಯ ಗಂಟೆಯಲ್ಲಿ ನಾನು ಕುಮಾರವ್ಯಾಸನ ಬಕಾಸುರ ವಧೆಯ ಪ್ರಸಂಗವನ್ನು ಪಾಠ ಮಾಡುತ್ತಿದ್ದೆ. ಭೀಮಸೇನನು ಬಂಡಿ ಅನ್ನವನ್ನು ತುತ್ತು ಮಾಡಿ ಉಣ್ಣುವುದನ್ನು ಹುಮ್ಮಸ್ಸಿನಿಂದ ವರ್ಣಿಸುತ್ತಿದ್ದಂತೆಯೇ, ಎರಡನೆಯ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಮೆಲ್ಲನೆ ಪಕ್ಕದವಳ ಹೆಗಲಿಗೆ ಒರಗಿ ಕೆಳಕ್ಕೆ ಜಾರಿದಳು. ನೀರು ಚಿಮುಕಿಸಿದೆವು, ಕಣ್ಣು ಬಿಟ್ಟಳು. ಏನೂ ತಿಂದಿರಲಿಲ್ಲ. “ಬಸ್ಸು ಏಳಕ್ಕೇ ಸಾರ್. ನಮ್ಮವ್ವ ರಾತ್ರಿಯೆಲ್ಲ ಬ್ಯಾರನ್ ತಾವೇ ಇರ್ತದೆ. ಒಲೆ ಹಚ್ಚೋರು ಯಾರು?” ಎಂದಳು. ಹೊಗೆಸೊಪ್ಪು ಹದಮಾಡುವ ಕಾಲದಲ್ಲಿ ಬ್ಯಾರನ್ನಿನ ಬೆಂಕಿಯನ್ನು ಹಗಲಿರುಳೂ ಕಾಯಬೇಕು. ಆ ಬೆಂಕಿ ಉರಿಯುವಾಗ ಮನೆಯ ಒಲೆ ತಣ್ಣಗಿರುತ್ತದೆ.

ನಮ್ಮ ಕಬಡ್ಡಿ ತಂಡದ ಹುಡುಗನೊಬ್ಬ ತನ್ನ ಚೀಲದಿಂದ ಮಿರುಗುವ ಕಾಗದದ ಪೊಟ್ಟಣವನ್ನು ತೆಗೆದು ಅವಳ ಕೈಗಿತ್ತ. ಅದೇ ‘ಪ್ರೋಟೀನ್ ಬಾರ್’. ಹತ್ತು ಗ್ರಾಂ ಪ್ರೋಟೀನು, ಎಪ್ಪತ್ತು ರೂಪಾಯಿ ಎಂದು ಅದರ ಮೇಲೆ ಅಚ್ಚಾಗಿತ್ತು. ಹುಡುಗಿ ಅರ್ಧ ತಿಂದು, ಬೆಲೆಯನ್ನು ಓದಿ, ಉಳಿದರ್ಧವನ್ನು ಮಡಿಸಿ ಹಿಂದಕ್ಕೆ ಕೊಟ್ಟಳು. ಆ ದಿನ ಪಾಠ ಮುಂದೆ ಸಾಗಲಿಲ್ಲ. ಮನೆಗೆ ಬಂದಮೇಲೂ ಆ ಅರ್ಧ ತುಂಡು ನನ್ನ ಕಣ್ಣ ಮುಂದೆಯೇ ಇತ್ತು.

ಪ್ರೋಟೀನ್ ಎಂಬ ಮಾತು ಹುಟ್ಟಿ ಇನ್ನೂ ಇನ್ನೂರು ವರ್ಷಗಳಾಗಿಲ್ಲ. ೧೮೩೮ರಲ್ಲಿ ಹಾಲೆಂಡಿನ ಮುಲ್ಡರ್ ಎಂಬ ರಸಾಯನಶಾಸ್ತ್ರಜ್ಞ, ಸ್ವೀಡನ್ನಿನ ಬರ್ಜೀಲಿಯಸನ ಸೂಚನೆಯಂತೆ, ‘ಮೊದಲನೆಯದು’ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಅದನ್ನು ಟಂಕಿಸಿದ. ನಮ್ಮ ಪಠ್ಯಪುಸ್ತಕದವರು ಅದಕ್ಕೆ ‘ಸಸಾರಜನಕ’ ಎಂದರು. ಸಾರಜನಕವನ್ನು ಒಳಗೊಂಡದ್ದು ಎಂದು ತಾತ್ಪರ್ಯ. ಅದನ್ನು ಕಡ್ಡಿಯಂತೆ ಕತ್ತರಿಸಿ ಜೇಬಿಗಿಳಿಸುವ ಪದ್ಧತಿ ಇನ್ನೂ ಈಚಿನದು. ೧೯೬೦ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಗಗನಯಾತ್ರಿಗಳ ಹೆಸರು ಹೇಳಿಕೊಂಡು ಒಂದು ಬಗೆಯ ತಿನಿಸಿನ ಕಡ್ಡಿಗಳು ಮಾರಾಟಕ್ಕೆ ಬಂದವು. ಆಮೇಲೆ ಬ್ರಯನ್ ಮ್ಯಾಕ್ಸ್‌ವೆಲ್ ಎಂಬ ಕೆನಡಾದ ಮ್ಯಾರಥಾನ್ ಓಟಗಾರ, ಓಟದ ಕೊನೆಯ ಘಟ್ಟದಲ್ಲಿ ತನಗೆ ಶಕ್ತಿಯುಡುಗಿದ್ದನ್ನು ನೆನೆದು, ಕ್ಯಾಲಿಫೋರ್ನಿಯಾದ ತನ್ನ ಅಡುಗೆಮನೆಯಲ್ಲಿ ಹಿಟ್ಟು ಕಲಸಿ ಕಲಸಿ ನೋಡಿ, ೧೯೮೬ರಲ್ಲಿ ‘ಪವರ್‌ಬಾರ್’ ಎಂಬುದನ್ನು ಹೊರತಂದ. ಇಂದು ನಮ್ಮ ಅಂಗಡಿಗಳಿಗೆ ಬರುವ ಪೊಟ್ಟಣಗಳೆಲ್ಲ ಅದರ ಮೊಮ್ಮಕ್ಕಳು. ಕಾರ್ಖಾನೆಯ ಈ ತಿನಿಸೂ ಮೊದಲು ಹುಟ್ಟಿದುದು ಮನೆಯ ಒಲೆಯ ಮುಂದೆಯೇ ಎಂಬುದನ್ನು ಮರೆಯಬಾರದು.

ಹಾಗಾದರೆ ನಮ್ಮ ಒಲೆಯ ಮುಂದೆ ಏನಿತ್ತು? ಇದಕ್ಕೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ. ಕನ್ನಡದಲ್ಲಿ ಅಡುಗೆಯನ್ನು ಶಾಸ್ತ್ರವೆಂದು ಕಂಡ ಪರಂಪರೆ ಹಳೆಯದು. ಸುಮಾರು ೧೦೨೫ರಲ್ಲಿಯೇ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ವು ಸೂಪಶಾಸ್ತ್ರಕ್ಕೆ ಎಡೆಗೊಟ್ಟಿತು. ಅಡುಗೆಗೇ ಮೀಸಲಾದ ‘ಸೂಪಶಾಸ್ತ್ರ’ವೆಂಬ ಕಾವ್ಯವನ್ನು ಬರೆದವನು ಮೂರನೆಯ ಮಂಗರಸ, ಕಾಲ ಹದಿನಾರನೆಯ ಶತಮಾನದ ಆರಂಭ. ಈತ ಚಂಗಾಳ್ವರ ಸಚಿವರ ಮನೆತನದವನು, ಕಲ್ಲಹಳ್ಳಿಯ ಪ್ರಭು. ಆ ಕಲ್ಲಹಳ್ಳಿ ನಮ್ಮ ನೆರೆಯ ಹುಣಸೂರು ತಾಲ್ಲೂಕಿನದು. ೧೯೭೨ರಲ್ಲಿ ರಾಜ್ಯದ ಮುಖ್ಯಮಂತ್ರಿಯಾದ ದೇವರಾಜ ಅರಸರ ಊರೂ ಅದೇ. ‘ಸಮ್ಯಕ್ತ್ವಕೌಮುದಿ’ಯಂಥ ಜೈನ ಧರ್ಮದ ಕೃತಿಗಳನ್ನು ಬರೆದ ಕೈಯೇ ಹಿಟ್ಟಿನ ತಿನಿಸುಗಳು, ಪಾನಕಗಳು, ಅನ್ನದ ಬಗೆಗಳು, ಬದನೆ ಬಾಳೆ ಹಲಸುಗಳ ಪಾಕಗಳು ಇವನ್ನೆಲ್ಲ ಷಟ್ಪದಿಯಲ್ಲಿ ಕಟ್ಟಿಟ್ಟಿತು. ಕತ್ತಿ ಹಿಡಿಯುವ ಪ್ರಭುವೊಬ್ಬ ಸೌಟಿನ ಮಾತನ್ನು ಪದ್ಯಕ್ಕೆ ತರುವುದು ಕಡಮೆ ಎಂದು ತಿಳಿಯಲಿಲ್ಲ. ಅವನ ಮೊದಲನೆಯ ಅಧ್ಯಾಯವೇ ಪಿಷ್ಟಪಾಕ, ಎಂದರೆ ಹಿಟ್ಟಿನ ಅಡುಗೆ.

ಹಿಟ್ಟು ಎಂದೊಡನೆ ನಮ್ಮ ಕಡೆಯವರಿಗೆ ರಾಗಿಯ ಮುದ್ದೆ ನೆನಪಾಗುತ್ತದೆ. ಹಳಗನ್ನಡದ ‘ಪಿಟ್ಟು’ ನಡುಗನ್ನಡದಲ್ಲಿ ‘ಹಿಟ್ಟು’ ಆಯಿತು. ಆದರೆ ಸಮಾಸದ ಒಳಗೆ ಅವಿತುಕೊಂಡಿದ್ದ ಪಕಾರ ಬಕಾರವಾಗಿ ಇಂದಿಗೂ ಬದುಕಿದೆ. ತಣ್ ಮತ್ತು ಪಿಟ್ಟು ಸೇರಿ ತಂಬಿಟ್ಟು ಎಂದು ನಾನು ತರಗತಿಯಲ್ಲಿ ಬಿಡಿಸಿ ತೋರಿಸುತ್ತೇನೆ. ಹುರಿದು, ಕುಟ್ಟಿ, ಬೆಲ್ಲದಲ್ಲಿ ಕಲಸಿ ಕಟ್ಟಿದರಾಯಿತು. ಉಣ್ಣುವಾಗ ಒಲೆಯ ಹಂಗಿಲ್ಲ. ಆದುದರಿಂದಲೇ ಅದು ದಾರಿಯ ಬುತ್ತಿಯೂ ಹೌದು, ಹಬ್ಬದ ನೈವೇದ್ಯವೂ ಹೌದು. ಮಾರಮ್ಮನ ಹಬ್ಬದಲ್ಲಿ ಹೆಂಗಸರು ತಂಬಿಟ್ಟಿನ ಮೇಲೆ ದೀಪವಿಟ್ಟು ಆರತಿ ಹೊತ್ತು ಹೋಗುವುದನ್ನು ಈ ಸೀಮೆಯಲ್ಲಿ ಯಾರು ಕಂಡಿಲ್ಲ?

ಮಂಗರಸನ ಕಾಲದ ಮನೆಗಳಲ್ಲಿ ಇಂದಿನ ತಂಬಿಟ್ಟಿಗೆ ಬೇಕಾದುದೆಲ್ಲ ಇತ್ತು, ಒಂದನ್ನು ಬಿಟ್ಟು. ಕಡಲೆಯಿತ್ತು, ಎಳ್ಳಿತ್ತು, ಅಕ್ಕಿಯಿತ್ತು, ಬೆಲ್ಲವಿತ್ತು, ಕಡಲೆಕಾಯಿ ಇರಲಿಲ್ಲ. ಅದು ದಕ್ಷಿಣ ಅಮೆರಿಕದ ಬೆಳೆ. ಸಮುದ್ರ ದಾಟಿ ಬಂದ ಮೇಲೆ ನಮ್ಮ ಒಕ್ಕಲಿಗ ಅದಕ್ಕೆ ತನ್ನ ಕಡಲೆಯ ಹೆಸರನ್ನೇ ಕೊಟ್ಟು ಮನೆಯವನನ್ನಾಗಿ ಮಾಡಿಕೊಂಡ. ಮೆಣಸಿನ ಹೆಸರನ್ನು ಮೆಣಸಿನಕಾಯಿಗೆ ಕೊಟ್ಟಂತೆ. ಹೊಸದನ್ನು ಹೆದರದೆ ಒಳಕ್ಕೆ ಕರೆದುಕೊಳ್ಳುವ ಈ ಜಾಣ್ಮೆ ನಮ್ಮಲ್ಲಿತ್ತು ಎಂಬುದಕ್ಕೆ ತಂಬಿಟ್ಟೇ ಸಾಕ್ಷಿ.

ಇನ್ನು ಹ್ಯಾಂಡ್‌ಪೋಸ್ಟಿನಿಂದ ಬಸ್ಸು ಹತ್ತಿ ಮೈಸೂರಿಗೆ ಬರೋಣ. ಅಲ್ಲಿ ರಾಜಕುಮಾರಿಗಾಗಿ ಕಟ್ಟಿದ್ದ ಚೆಲುವಾಂಬ ಮಹಲಿನಲ್ಲಿ ೧೯೫೦ರಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ತೆರೆಯಿತು. ದೇಶ ಸ್ವತಂತ್ರವಾಗಿ ಮೂರೇ ವರ್ಷ; ಮಕ್ಕಳ ಹೊಟ್ಟೆಗೆ ಹಾಲಿಲ್ಲ, ಬೇಳೆ ಸಾಲದು. ಮೊದಲ ನಿರ್ದೇಶಕರಾದ ವಿ. ಸುಬ್ರಹ್ಮಣ್ಯನ್ ಮತ್ತು ಅವರ ಸಂಗಡಿಗರು ಆ ದಶಕದಲ್ಲಿ ‘ಭಾರತೀಯ ಬಹೂದ್ದೇಶ ಆಹಾರ’ವೆಂಬ ಪುಡಿಯನ್ನು ಸಿದ್ಧಪಡಿಸಿದರು. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಯ ಹಿಟ್ಟು ಕಾಲು ಪಾಲು, ಜೊತೆಗೆ ಸುಣ್ಣದ ಅಂಶ ಮತ್ತು ಜೀವಸತ್ವಗಳು. ನೂರು ಗ್ರಾಂ ಪುಡಿಯಲ್ಲಿ ನಲವತ್ತು ಗ್ರಾಂಗೂ ಮಿಕ್ಕ ಸಸಾರಜನಕ. ಬೆಲ್ಲವನ್ನು ಬಿಟ್ಟು ನೋಡಿದರೆ ಅಜ್ಜಿಯ ಒರಳಿನಲ್ಲಿದ್ದ ಜೋಡಿಯೇ ಇದು. ವಿಜ್ಞಾನಿಗಳು ತಂಬಿಟ್ಟನ್ನು ನಕಲು ಮಾಡಿದರೆಂದು ನಾನು ಹೇಳುವುದಿಲ್ಲ. ಅಳೆದು ತೂಗಿ ಅವರು ತಲುಪಿದ ಎಡೆಗೆ, ಅಳತೆಯಿಲ್ಲದ ಕೈಗಳೂ ತಲುಪಿದ್ದವು ಎನ್ನುವುದಷ್ಟೇ ನನ್ನ ಮಾತು.

ಈ ಜೋಡಿಗೆ ಕಾರಣವೂ ಉಂಟು. ನಮ್ಮ ದೇಹ ತಾನೇ ಮಾಡಿಕೊಳ್ಳಲಾರದ ಕೆಲವು ಅಮೈನೋ ಆಮ್ಲಗಳನ್ನು ಅನ್ನದಿಂದಲೇ ಪಡೆಯಬೇಕು. ಕಡಲೆಯಂಥ ಕಾಳುಗಳಲ್ಲಿ ಲೈಸಿನ್ ಹೇರಳ, ಮಿಥಿಯೊನಿನ್ ಕೊರತೆ. ಎಳ್ಳಿನಲ್ಲಿ ಮಿಥಿಯೊನಿನ್ ಚೆನ್ನಾಗಿದೆ, ಲೈಸಿನ್ ಕೊರತೆ. ಎರಡನ್ನೂ ಒಂದೇ ಉಂಡೆಯಲ್ಲಿ ಕಟ್ಟಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅಕ್ಕಿ ರಾಗಿಗಳೂ ಎಳ್ಳಿನ ಪಕ್ಷದವೇ. ಮುದ್ದೆಗೆ ಕಾಳಿನ ಸಾರು ಜೊತೆಯಾದುದರ ಮರ್ಮವೂ ಇದೇ.

ಕಡಲೆಕಾಯಿಯ ಚರಿತ್ರೆಯಲ್ಲಿ ಒಂದು ಕರಾಳ ಪುಟವೂ ಇದೆ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಹುಟ್ಟಿದ ಅಫ್ಲಟಾಕ್ಸಿನ್ ಎಂಬ ವಿಷವೇ ಅದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಮೊರದಲ್ಲಿ ಬೀಜ ಹರಡಿಕೊಂಡು ಸುಕ್ಕಿದ್ದು, ಕಪ್ಪಾದದ್ದು, ಮುಗ್ಗಲು ನಾತದ್ದು ಎಲ್ಲವನ್ನೂ ಆರಿಸಿ ಎಸೆಯುತ್ತಿದ್ದ ನನ್ನ ಅಜ್ಜಿಗೆ ಆ ವಿಷದ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಮನೆಯಲ್ಲಿ ಮಾಡುವವರು ಈ ಒಂದು ಕೆಲಸವನ್ನು ಎಂದೂ ಬಿಡಬಾರದು.

ಹುಡುಗಿ ಬಿದ್ದ ಮರುವಾರ ನನ್ನ ಮನೆಯಾಕೆಯ ಮೇಲ್ವಿಚಾರಣೆಯಲ್ಲಿ ಏಳೆಂಟು ವಿದ್ಯಾರ್ಥಿಗಳು ನಮ್ಮ ಅಡುಗೆಮನೆಯಲ್ಲಿ ಸೇರಿದರು. ಕಡಲೇಬೀಜ ನೂರು ಗ್ರಾಂ, ಹುರಿಗಡಲೆ ನೂರು, ಎಳ್ಳು ಐವತ್ತು, ಕೊಬ್ಬರಿ ತುರಿ ಇಪ್ಪತ್ತೈದು, ಬೆಲ್ಲ ನೂರಿಪ್ಪತ್ತೈದು. ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ಕೇರಬೇಕು. ಹುರಿಗಡಲೆಯನ್ನು ಬೆಚ್ಚಗೆ ಮಾಡಿದರೆ ಸಾಕು. ಎಳ್ಳು ಚಟಪಟ ಎಂದೊಡನೆ ಇಳಿಸಬೇಕು. ಎಲ್ಲವನ್ನೂ ತರಿತರಿಯಾಗಿ ಪುಡಿಮಾಡಬೇಕು. ಬೆಲ್ಲಕ್ಕೆ ಸ್ವಲ್ಪವೇ ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಒಲೆಗಿಟ್ಟು ಒಂದೆಳೆ ಪಾಕ ಬಂದಾಗ ಇಳಿಸಿ, ಪುಡಿ ಸುರಿದು ಕಲಸಿ, ತುಪ್ಪ ಸವರಿದ ತಟ್ಟೆಯಲ್ಲಿ ಒತ್ತಿ, ಬೆಚ್ಚಗಿರುವಾಗಲೇ ಹನ್ನೆರಡು ತುಂಡಾಗಿ ಕುಯ್ಯಬೇಕು. ಉಂಡೆಗೆ ಬದಲು ಕಡ್ಡಿಯಾಗಿ ಕುಯ್ದರೆ ಹುಡುಗರಿಗೆ ಅದೇ ‘ಬಾರ್’. ಮೊದಲ ಸಲ ಮಾತಿಗೆ ನಿಂತು ಪಾಕ ಮೀರಿತು, ತುಂಡು ಕಲ್ಲಾಯಿತು. “ಕಲ್ಲಹಳ್ಳಿ ತಂಬಿಟ್ಟು ಸಾರ್” ಎಂದು ಕಬಡ್ಡಿಯ ಹುಡುಗ ನಕ್ಕ. ಎರಡನೆಯ ಸಲ ಹದವಾಯಿತು.

ಲೆಕ್ಕ ಹಾಕಿದೆವು. ತುಂಡಿಗೆ ಸುಮಾರು ನಾಲ್ಕೂವರೆ ಗ್ರಾಂ ಸಸಾರಜನಕ. ಅಂಗಡಿಯ ಚೀಟಿ ಐವತ್ತು ರೂಪಾಯಿ ಚಿಲ್ಲರೆ, ಎಂದರೆ ಎರಡು ತುಂಡಿಗೆ ಹತ್ತು ರೂಪಾಯಿಯೊಳಗೆ. ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ ೦.೮೩ ಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೨೦೨೦ರಲ್ಲಿ ಹೇಳಿದೆ. ಐವತ್ತು ಕಿಲೋ ತೂಗುವವಳಿಗೆ ನಲವತ್ತೊಂದೂವರೆ ಗ್ರಾಂ ಆಯಿತು. ಎರಡು ತುಂಡು ಅದರ ಐದರಲ್ಲೊಂದು ಪಾಲನ್ನು ತುಂಬುತ್ತದೆ. ಇದು ಊಟಕ್ಕೆ ಬದಲಲ್ಲ. ಎರಡು ತುಂಡಿನಲ್ಲಿ ಇಪ್ಪತ್ತು ಗ್ರಾಂ ಬೆಲ್ಲವೂ ಉಂಟೆಂಬುದನ್ನು ಸಕ್ಕರೆ ಕಾಯಿಲೆಯವರು ಮರೆಯಬಾರದು. ದಾಸ್ತಾನಿನ ಮಾತೂ ಬೇರೆ. ಶಾಲೆಯ ಮಕ್ಕಳಿಗೆ ಮೊಟ್ಟೆಯ ಬದಲಿಗೆ ಕೊಡುತ್ತಿದ್ದ ಚಿಕ್ಕಿಯ ಗುಣಮಟ್ಟದ ಬಗ್ಗೆ ದೂರು ಬಂದು, ೨೦೨೫ರ ಆರಂಭದಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಬೀಜದ ಎಣ್ಣೆ ಹಳಸುವ ಮೊದಲು, ವಾರದೊಳಗೆ ತಿಂದು ಮುಗಿಸುವಷ್ಟನ್ನೇ ಮಾಡಿಕೊಳ್ಳುವುದು ಮನೆಯವರಿಗೆ ಸಾಧ್ಯ.

ಇಷ್ಟು ಸುಲಭವಾದದ್ದು ಏಕೆ ತಪ್ಪಿಹೋಯಿತು? ಹೆಂಗಸರು ಸೋಮಾರಿಗಳಾದರು ಎನ್ನುವವರುಂಟು. ರಾತ್ರಿಯಿಡೀ ಬ್ಯಾರನ್ ಕಾಯುವ ತಾಯಿಗೆ ಆ ಮಾತು ಹೇಳುವ ನಾಲಗೆ ನನಗಿಲ್ಲ. ಉತ್ತರ ಅಡುಗೆಮನೆಯಲ್ಲಿಲ್ಲ, ಹೊಲದಲ್ಲಿದೆ. ಮೊದಲ ಮಳೆಗೆ ಎಳ್ಳು ಬಿತ್ತುತ್ತಿದ್ದರು. ರಾಗಿಯ ನಡುವೆ ಅಕ್ಕಡಿ ಸಾಲು ಹಿಡಿದು ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದರು. ಆ ಸಾಲಿನದು ಸಂತೆಗೆ ಹೋಗುತ್ತಿದ್ದುದು ಕಡಮೆ, ಮಡಕೆಗೆ ಬರುತ್ತಿದ್ದುದು ಹೆಚ್ಚು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ಹೊಗೆಸೊಪ್ಪು ಬೇರೂರಿತು. ೧೯೮೪ರಿಂದ ತಂಬಾಕು ಮಂಡಳಿಯ ಹರಾಜು ಕಟ್ಟೆಗಳೂ ಬಂದವು. ನಮ್ಮ ಕಡೆ ಹತ್ತಿಯೂ ಹರಡಿತು. ಕೈಗೆ ಕಾಸು ಬಂದಿತು. ಹೆಂಚಿನ ಮನೆ ಎದ್ದಿತು. ಆ ಹುಡುಗಿ ಕಾಲೇಜಿನ ಮೆಟ್ಟಿಲು ಹತ್ತಿದ್ದೂ ಆ ಕಾಸಿನಿಂದಲೇ. ಅದನ್ನು ಹಳಿಯಲಾರೆ. ಆದರೆ ಎಳ್ಳಿನ ಹದಕ್ಕೆ ಹೊಗೆಸೊಪ್ಪಿನ ಸಸಿ ಬಂದು ಕುಳಿತಾಗ ಮಡಕೆ ಬರಿದಾಯಿತು. ಮಡಕೆ ಬರಿದಾದ ಊರಿಗೆ ಎಪ್ಪತ್ತು ರೂಪಾಯಿಯ ಪೊಟ್ಟಣ ಬಂದುದರಲ್ಲಿ ಆಶ್ಚರ್ಯವೇನು?

ಮಂಗರಸನು ಹಿಟ್ಟಿನ ಅಡುಗೆಯನ್ನು ಪದ್ಯದಲ್ಲಿ ಉಳಿಸಿದ. ಹಿಟ್ಟಾಗುವ ಕಾಳನ್ನು ಉಳಿಸುವ ಹೊಣೆ ಕವಿಯದಲ್ಲ, ಊರಿನದು. ಈ ಮಾತು ನನಗೆ ಹೊಳೆದದ್ದು ಪುಸ್ತಕದಿಂದಲ್ಲ. ಮೊನ್ನೆ ಆ ಹುಡುಗಿ ಪುಟ್ಟ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟಳು. ತಾನೇ ಮಾಡಿದ ತಂಬಿಟ್ಟು; ಭಾನುವಾರ ಮಾಡಿಟ್ಟುಕೊಂಡು ಬಸ್ಸಿನಲ್ಲಿ ಒಂದೊಂದು ತಿನ್ನುತ್ತಾಳಂತೆ. ಚೆನ್ನಾಗಿದೆ ಎಂದೆ. ಅವಳು ಡಬ್ಬಿಯನ್ನು ಮುಚ್ಚುತ್ತ ಹೇಳಿದಳು: “ಎಳ್ಳು ಮಾತ್ರ ಹ್ಯಾಂಡ್‌ಪೋಸ್ಟ್ ಅಂಗಡೀಲಿ ತಂದೆ ಸಾರ್. ನಮ್ಮ ತಾತನ ಕಾಲದಲ್ಲಿ ನಮ್ಮ ಹೊಲದಲ್ಲೇ ಬೆಳೀತಿದ್ರಂತೆ. ಬದುವಿನ ಪಕ್ಕ ಒಂದು ಸಾಲಾದ್ರೂ ಹಾಕು ಅಂತ ಅವ್ವಂಗೆ ಹೇಳಿದೀನಿ.”