ಚಂಡು ಮುಟ್ಟದವರ ಆಟ

2024ರ ಫೆಬ್ರವರಿ 12, ಸೋಮವಾರ, ಬೆಳಗಿನ ಐದು ಗಂಟೆ. ಬೀದರಿನ ಗಾಂಧಿ ಗಂಜಿನ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ನಾನು ಲ್ಯಾಪ್‌ಟಾಪನ್ನು ಕಾಳಿನ ಡಬ್ಬಿಗೆ ಆನಿಸಿ, ಸದ್ದು ಸಣ್ಣಗೆ ಮಾಡಿ ಸೂಪರ್ ಬೌಲ್ ನೋಡ್ತಾ ಕೂತಿದ್ದೆ. ಕಾನ್ಸಾಸ್ ಸಿಟಿ ಚೀಫ್ಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಆಟ. ಅಲ್ಲಿ ಲಾಸ್ ವೇಗಾಸ್‌ನಲ್ಲಿ ಇನ್ನೂ ಭಾನುವಾರ ಮಧ್ಯಾಹ್ನ. ಗಂಜಿನ ಕೆಲಸ ಬಿಟ್ಟು ವರ್ಷಗಳಾದರೂ ಅಪ್ಪನಿಗೆ ನಾಲ್ಕೂವರೆಗೆ ಎಚ್ಚರ ಆಗೋದು ತಪ್ಪಿಲ್ಲ. ಚಹಾ ಹಿಡಿದು ಬಂದು ಪಕ್ಕದಲ್ಲಿ ಕೂತ. ಹತ್ತು ನಿಮಿಷ ಸುಮ್ಮನೆ ನೋಡಿ ಕೇಳಿದ:

"ಈ ಮುಂದ ಬಗ್ಗಿ ನಿಂತಾರಲ್ಲ ಐದು ಮಂದಿ, ಇವರು ಯಾರೋ? ಒಬ್ಬ ಕಾಲ್ ಸಂದಿಲಿಂದ ಚಂಡು ಹಿಂದಕ್ಕ ಕೊಡ್ತಾನ. ಬಾಕಿ ನಾಕು ಮಂದಿ ಮುಟ್ಟೋದೇ ಇಲ್ಲ. ಮತ್ತ ಯಾಕ ಆಡ್ತಾರ?"

ಆರು ವರ್ಷದಿಂದ ಈ ಆಟ ನೋಡ್ತಿದ್ದೆ. ಈ ಪ್ರಶ್ನೆ ನನಗೆ ಒಂದು ಸಲವೂ ಬಂದಿರಲಿಲ್ಲ.

ನಾನು ಈ ಆಟಕ್ಕೆ ಬಂದಿದ್ದು ಪ್ರೀತಿಯಿಂದ ಅಲ್ಲ, ಅನಿವಾರ್ಯಕ್ಕೆ. ಬೆಂಗಳೂರಿನ ಆಫೀಸಿನಲ್ಲಿ ನಮ್ಮ ಕ್ಲೈಂಟ್ ಕಡೆಯವರೆಲ್ಲ ಕಾನ್ಸಾಸ್ ಸಿಟಿಯವರು. ಸೋಮವಾರದ ಕಾಲ್‌ನಲ್ಲಿ ಮೊದಲ ಹತ್ತು ನಿಮಿಷ ಬರೀ ಆಟದ ಮಾತು. ಔರಾದ್ ತಾಲೂಕಿನ ಹಳ್ಳಿಯಲ್ಲಿ ಕಬಡ್ಡಿ, ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು ನಾನು. ಎರಡು ವರ್ಷ ನಕ್ಕಂಗೆ ಮಾಡಿ ತಳ್ಳಿದೆ. ಆಮೇಲೆ ನಾಚಿಕೆಯಾಗಿ ನಿಯಮ ಓದೋಕೆ ಕೂತೆ. ನಿಯಮ ಓದಿದರೆ ತಲೆಗೆ ಹತ್ತಲಿಲ್ಲ, ಇತಿಹಾಸ ಓದಿದೆ, ಹತ್ತಿತು. ಹಳೇ ಕೋಡ್ ಅರ್ಥ ಆಗಬೇಕಾದರೆ ಕೋಡ್ ಅಲ್ಲ, ಅದರಲ್ಲಿ ಯಾವ ಬಗ್ ಯಾವಾಗ ಸರಿ ಮಾಡಿದರು ಅನ್ನೋದನ್ನ ಓದಬೇಕು. ಇದೂ ಹಾಗೇ.

ಮೊದಲ ಆಟ ಅಂತ ಹೇಳೋದು 1869ರ ನವೆಂಬರ್ 6ರದ್ದು. ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ, ಒಂದೊಂದು ಕಡೆ 25 ಜನ. ರಟ್ಗರ್ಸ್ 6-4ರಲ್ಲಿ ಗೆದ್ದಿತು. ಆದರೆ ಅದು ಈಗಿನ ಆಟ ಅಲ್ಲ, ಕಾಲಲ್ಲಿ ಒದೆಯುವ ಸಾಕರ್‌ಗೆ ಹತ್ತಿರದ್ದು. ಆಮೇಲೆ ರಗ್ಬಿಯ ಗಾಳಿ ಬೀಸಿತು, ಚಂಡು ಕೈಗೆ ಬಂತು. ಈಗಿನ ರೂಪ ಕೊಟ್ಟವನು ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್. 1880ರಲ್ಲಿ ಅವನ ಒತ್ತಾಯದಿಂದ ತಂಡಕ್ಕೆ 11 ಜನ ಅಂತಾಯಿತು. ರಗ್ಬಿಯಲ್ಲಿ ಚಂಡಿಗಾಗಿ ಎರಡೂ ಕಡೆಯವರು ಗುಂಪಾಗಿ ಗುದ್ದಾಡುವ ಬದಲು, ಚಂಡು ಒಂದು ತಂಡದ ಕೈಯಲ್ಲೇ ಇರಲಿ, ಅವರೇ ಆಟ ಶುರು ಮಾಡಲಿ ಅಂತಾಯಿತು. ಎರಡು ತಂಡ ಎದುರುಬದುರು ಸಾಲಾಗಿ ನಿಲ್ಲೋದು ಅಲ್ಲಿಂದ ಬಂತು.

ಹೊಸ ನಿಯಮ ಬಂದರೆ ಹೊಸ ಬಗ್ ಬರಲೇಬೇಕು. ಚಂಡು ನಮ್ಮ ಕೈಯಲ್ಲೇ ಇದೆ ಅಂದಮೇಲೆ ಬಿಟ್ಟುಕೊಡೋದು ಯಾಕೆ? 1881ರಲ್ಲಿ ಪ್ರಿನ್ಸ್‌ಟನ್ ಮತ್ತು ಯೇಲ್ ಆಡಿದಾಗ ಒಂದು ತಂಡ ಅರ್ಧ ಆಟ ಪೂರ್ತಿ ಚಂಡು ಹಿಡಿದುಕೊಂಡೇ ಕೂತಿತು, ಉಳಿದರ್ಧ ಇನ್ನೊಂದು ತಂಡ ಅದನ್ನೇ ಮಾಡಿತು. ಕೊನೆಗೆ 0-0. ಜನ ಬೈದರು. ಅದಕ್ಕೆ 1882ರಲ್ಲಿ ಕ್ಯಾಂಪ್ ತಂದ ಪರಿಹಾರ: ಮೂರು ಪ್ರಯತ್ನದಲ್ಲಿ 5 ಗಜ ಮುಂದೆ ಹೋಗಬೇಕು, ಇಲ್ಲಾಂದ್ರೆ ಚಂಡು ಎದುರಾಳಿಗೆ. ಐದು ಗಜ ಅಳೆಯೋಕೆ ಮೈದಾನದ ತುಂಬ ಸುಣ್ಣದ ಗೆರೆ ಎಳೆದರು. ದೂರದಿಂದ ನೋಡಿದರೆ ಬದನೆಕಾಯಿ ಸುಡುವ ಕಬ್ಬಿಣದ ಜಾಲರಿ ಇದ್ದಂಗೆ. ಗ್ರಿಡ್‌ಐರನ್ ಅನ್ನೋ ಹೆಸರು ಬಂದಿದ್ದು ಹಾಗೆ.

ಇದನ್ನ ಓದಿದ ದಿನ ನಾನು ಎದ್ದು ಕೂತೆ. ಇದು ನಮ್ಮ ಕಬಡ್ಡಿಯ ಡು ಆರ್ ಡೈ ರೈಡ್ ಅಲ್ವಾ? ಮುಂದಿರುವ ತಂಡ ಸುಮ್ಮನೆ ಹೋಗಿ ಗೆರೆ ಮುಟ್ಟಿ ವಾಪಸ್ ಬರ್ತಾ ಟೈಮ್ ಕಳೆಯುತ್ತೆ. ಅದಕ್ಕೆ ಪ್ರೊ ಕಬಡ್ಡಿಯಲ್ಲಿ ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲಾಂದ್ರೆ ರೈಡರ್ ಔಟ್. ಎರಡು ದೇಶ, ಎರಡು ಮಣ್ಣು, ಆದರೆ ಅದೇ ಬಗ್, ಅದೇ ಪ್ಯಾಚ್. ಈಗ ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಾಲ್ಕು ಪ್ರಯತ್ನಕ್ಕೆ 10 ಗಜ. ಹತ್ತು ಗಜ ದಾಟಿದರೆ ಮತ್ತೆ ಹೊಸದಾಗಿ ನಾಲ್ಕು. ಇಷ್ಟು ಗೊತ್ತಾದರೆ ಅರ್ಧ ಆಟ ಗೊತ್ತಾದಂಗೆ. ಹೊಸದಾಗಿ ನೋಡೋರಿಗೆ ನಾನು ಹೇಳೋದು ಇದನ್ನೇ: ಚಂಡು ನೋಡಬೇಡಿ, ಪರದೆ ಮೇಲೆ ಬರುವ ಎರಡು ಸಂಖ್ಯೆ ನೋಡಿ. ಎಷ್ಟನೇ ಪ್ರಯತ್ನ, ಇನ್ನೆಷ್ಟು ಗಜ. ಮೂರನೇ ಪ್ರಯತ್ನ ಬಂದಾಗ ಸ್ಟೇಡಿಯಂ ಯಾಕೆ ಅಷ್ಟು ಕೂಗುತ್ತೆ ಅಂತ ತಾನಾಗೇ ತಿಳಿಯುತ್ತೆ.

ಆದರೆ ಈ ಇತಿಹಾಸದಲ್ಲಿ ಇನ್ನೊಂದು ಎಳೆ ಇದೆ. ಅಪ್ಪನ ಪ್ರಶ್ನೆಗೆ ಉತ್ತರ ಇರೋದು ಅಲ್ಲಿ.

ಆಗ ಚಂಡನ್ನು ಮುಂದಕ್ಕೆ ಎಸೆಯುವಂತಿರಲಿಲ್ಲ. ಐದು ಗಜ ಬೇಕಂದ್ರೆ ಮೈಯಿಂದ ತಳ್ಳಿ ತಗೋಬೇಕು. 1892ರಲ್ಲಿ ಹಾರ್ವರ್ಡ್ ತಂಡಕ್ಕೆ ಲೋರಿನ್ ಡೆಲ್ಯಾಂಡ್ ಅನ್ನುವವನು ಒಂದು ತಂತ್ರ ಹೇಳಿಕೊಟ್ಟ. ಅವನು ಚೆಸ್ ಆಡುವವನು, ಈ ಆಟ ಆಡಿದವನೇ ಅಲ್ಲ. ಆಟಗಾರರು ಎರಡು ಗುಂಪಾಗಿ ದೂರದಿಂದ ಓಡಿ ಬಂದು, ಮಧ್ಯದಲ್ಲಿ ಬೆಣೆಯ ಆಕಾರದಲ್ಲಿ ಸೇರಿ, ಎದುರಾಳಿಯ ಒಬ್ಬನೇ ಒಬ್ಬನ ಮೇಲೆ ಬೀಳೋದು. ಹಿಂದೆ ಚಂಡು ಹಿಡಿದವನು. ಫ್ಲೈಯಿಂಗ್ ವೆಡ್ಜ್ ಅಂತ ಹೆಸರು. ಲೆಕ್ಕದಲ್ಲಿ ಬಹಳ ಜಾಣತನದ್ದು, ಮೈದಾನದಲ್ಲಿ ಮೂಳೆ ಮುರಿಯುವಂಥದ್ದು. 1894ರಲ್ಲಿ ನಿಷೇಧಿಸಿದರು. ಆದರೆ ಕೈಗೆ ಕೈ ಹೆಣೆದು ಗುಂಪಾಗಿ ನುಗ್ಗೋದು ನಿಲ್ಲಲಿಲ್ಲ. ಹೆಲ್ಮೆಟ್ ಹಾಕುವ ಕಡ್ಡಾಯವೂ ಇರಲಿಲ್ಲ.

1905ರ ಒಂದೇ ಸೀಸನ್‌ನಲ್ಲಿ ಶಿಕಾಗೊ ಟ್ರಿಬ್ಯೂನ್ ಪತ್ರಿಕೆ ಎಣಿಸಿದ ಸಾವು 18. ಬಹಳಷ್ಟು ಮಂದಿ ಶಾಲೆ, ಕಾಲೇಜಿನ ಹುಡುಗರು. ಕೊಲಂಬಿಯಾ ವಿಶ್ವವಿದ್ಯಾಲಯ ಆಟವನ್ನೇ ಬಿಟ್ಟಿತು. ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ರಗ್ಬಿಗೆ ಹೊರಳಿದವು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅದೇ ಅಕ್ಟೋಬರ್‌ನಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಕಡೆಯವರನ್ನು ಶ್ವೇತಭವನಕ್ಕೆ ಕರೆಸಿದ. ಅವನ ಮಗನೇ ಹಾರ್ವರ್ಡ್‌ನಲ್ಲಿ ಆಡುತ್ತಿದ್ದ. ರೂಸ್‌ವೆಲ್ಟ್‌ಗೆ ಆಟ ನಿಲ್ಲಿಸೋದು ಬೇಕಿರಲಿಲ್ಲ, ಉಳಿಸೋದು ಬೇಕಿತ್ತು.

1906ರಲ್ಲಿ ನಿಯಮ ಬದಲಾದವು. ಮೂರು ಪ್ರಯತ್ನಕ್ಕೆ 5 ಗಜದ ಬದಲು 10 ಗಜ ಮಾಡಿದರು, ಬರೀ ತಳ್ಳಿ ಸಾಧಿಸೋಕೆ ಆಗಬಾರದು ಅಂತ. ಎರಡೂ ಸಾಲಿನ ನಡುವೆ ಚಂಡಿನಷ್ಟು ಅಗಲದ ಖಾಲಿ ಜಾಗ ಬಿಡಿಸಿದರು. ಎಲ್ಲಕ್ಕಿಂತ ಮುಖ್ಯ, ಚಂಡನ್ನು ಮುಂದಕ್ಕೆ ಎಸೆಯೋಕೆ ಅನುಮತಿ ಕೊಟ್ಟರು. ಆ ಸೆಪ್ಟೆಂಬರ್ 5ರಂದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಬ್ರಾಡ್‌ಬರಿ ರಾಬಿನ್ಸನ್ ಮೊದಲ ಕಾನೂನುಬದ್ಧ ಪಾಸ್ ಎಸೆದ. ಯಾರೂ ಹಿಡಿಯಲಿಲ್ಲ. ಆಗಿನ ನಿಯಮದಂತೆ ಚಂಡು ಎದುರಾಳಿಗೆ ಹೋಯಿತು! ಅದೇ ಆಟದಲ್ಲಿ ಮತ್ತೊಮ್ಮೆ ಎಸೆದ, ಜ್ಯಾಕ್ ಶ್ನೈಡರ್ ಹಿಡಿದು ಟಚ್‌ಡೌನ್ ಮಾಡಿದ. ಇವತ್ತು ನಾವು ಬಾಯಿ ಬಿಟ್ಟು ನೋಡುವ ಆ 40 ಗಜದ ಎಸೆತ ಇದೆಯಲ್ಲ, ಅದು ಚಂದಕ್ಕೆ ಹುಟ್ಟಿದ್ದಲ್ಲ. ಸಾವು ನಿಲ್ಲಿಸೋಕೆ ಹುಟ್ಟಿದ್ದು.

ಅದನ್ನ ಚಂದ ಮಾಡಿದವರಲ್ಲಿ ಕಾರ್ಲೈಲ್ ಶಾಲೆಯವರು ದೊಡ್ಡವರು. 1879ರಲ್ಲಿ ಶುರುವಾದ ಈ ಶಾಲೆ ಅಮೆರಿಕದ ಮೂಲನಿವಾಸಿ ಮಕ್ಕಳ ಕೂದಲು ಕತ್ತರಿಸಿ, ಅವರ ಭಾಷೆ ಬಿಡಿಸಿ, ಇಂಗ್ಲಿಷ್ ಕಲಿಸುವ ಬೋರ್ಡಿಂಗ್ ಶಾಲೆ. ಅಲ್ಲಿನ ಹುಡುಗರು ದೊಡ್ಡ ಕಾಲೇಜಿನವರಿಗಿಂತ ತೂಕದಲ್ಲಿ ಕಡಿಮೆ. ಅದಕ್ಕೆ ಅವರು ವೇಗ, ಮೋಸದ ಓಟ, ಪಾಸ್ ನೆಚ್ಚಿದರು. 1912ರ ನವೆಂಬರ್ 9ರಂದು ಜಿಮ್ ಥೋರ್ಪ್ ಇದ್ದ ಕಾರ್ಲೈಲ್ ತಂಡ ಸೇನಾ ಅಕಾಡೆಮಿಯ ಆರ್ಮಿ ತಂಡವನ್ನು 27-6ರಲ್ಲಿ ಸೋಲಿಸಿತು. ಸೋತ ತಂಡದಲ್ಲಿ ಮುಂದೆ ಅಮೆರಿಕದ ಅಧ್ಯಕ್ಷನಾದ ಐಸೆನ್‌ಹೋವರ್ ಇದ್ದ. ನಾನು ಮೊದಲ ಸಲ ಪುಸ್ತಕದಲ್ಲಿ 'ಇಂಡಿಯನ್ಸ್' ಗೆದ್ದರು ಅಂತ ಓದಿದಾಗ ಒಂದು ಕ್ಷಣ ನಮ್ಮವರೇ ಅಂದ್ಕೊಂಡಿದ್ದೆ. ಆಮೇಲೆ ನಗು ಬಂತು. ಶಾಲೆಯ ಕಥೆ ಓದಿದ ಮೇಲೆ ನಗು ಹೋಯಿತು.

ಪಾಸ್ ಬಂದ ಮೇಲೂ ಸಾವು ಪೂರ್ತಿ ನಿಲ್ಲಲಿಲ್ಲ. 1909ರಲ್ಲಿ ಮತ್ತೆ ಹುಡುಗರು ಸತ್ತರು. 1910ರಲ್ಲಿ ಕೈ ಹೆಣೆದು ನುಗ್ಗೋದನ್ನು ನಿಷೇಧಿಸಿದರು, ಚಂಡಿರುವ ತಂಡದ ಕನಿಷ್ಠ ಏಳು ಜನ ಸಾಲಿನಲ್ಲೇ ನಿಲ್ಲಬೇಕು ಅಂದರು. 1912ರಲ್ಲಿ ನಾಲ್ಕನೇ ಪ್ರಯತ್ನ ಬಂತು, ಟಚ್‌ಡೌನ್‌ಗೆ 6 ಪಾಯಿಂಟ್ ಆಯಿತು. ಅಲ್ಲಿಗೆ ಇವತ್ತಿನ ಆಟದ ಎಲುಬುಗೂಡು ತಯಾರು.

ಹೀಗೆ ಆಟ ಗಾಳಿಗೆ ಏರಿತು. ಆದರೆ ಎಸೆಯುವವನಿಗೆ ಮೂರು ಸೆಕೆಂಡ್ ಸಮಯ ಬೇಕು. ಆ ಮೂರು ಸೆಕೆಂಡ್ ದುಡಿದು ಕೊಡುವವರೇ ಅಪ್ಪ ಕೇಳಿದ ಆ ಐದು ಮಂದಿ. ಒಬ್ಬೊಬ್ಬರು ಸುಮಾರು 140 ಕೆಜಿ. ಎದುರಿನಿಂದ ಅಷ್ಟೇ ತೂಕದವರು ನುಗ್ಗಿ ಬರ್ತಾರೆ, ಇವರು ಅಡ್ಡ ನಿಂತು ತಡೀತಾರೆ. ಪಾಸ್ ಚಂದ ಆದರೆ ಹೆಸರು ಎಸೆದವನಿಗೆ, ಹಿಡಿದವನಿಗೆ. ಇವರ ಹೆಸರನ್ನ ಕಾಮೆಂಟರಿಯವರು ಹೇಳೋದು ಬಹುತೇಕ ತಪ್ಪು ಮಾಡಿದಾಗ ಮಾತ್ರ.

ಇಷ್ಟನ್ನ ಅಪ್ಪನಿಗೆ ಹೇಳಿದೆ. ಅಪ್ಪ ಚಹಾ ಕೆಳಗಿಟ್ಟು ಅಂದ: "ಹಂಗಂದ್ರ ಹಮಾಲಿ ಅನ್ನು."

ಅಪ್ಪ ಗಾಂಧಿ ಗಂಜಿನಲ್ಲಿ ಇಪ್ಪತ್ತೆಂಟು ವರ್ಷ ಹಮಾಲಿ ಮಾಡಿದವನು. ಭಾಲ್ಕಿ, ಔರಾದ್ ಕಡೆಯಿಂದ ತೊಗರಿ, ಹೆಸರು, ಉದ್ದು, ಸೋಯಾ ಬರುತ್ತೆ. ಅಡತ್ ಅಂಗಡಿ ಮುಂದೆ ಇಳಿಸಬೇಕು, ತೂಗಬೇಕು, ಥಪ್ಪಿ ಹಚ್ಚಬೇಕು, ಮತ್ತೆ ಲಾರಿಗೆ ಏರಿಸಬೇಕು. ಅವನ ಕಾಲದ ಚೀಲ ಕ್ವಿಂಟಲ್‌ದು, 100 ಕೆಜಿ. ಒಬ್ಬ ಗಂಡಾಳು ಹೊರುವ ಭಾರ 55 ಕೆಜಿ ದಾಟಬಾರದು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಶಿಫಾರಸು ಮಾಡಿದ್ದು 1967ರಲ್ಲಿ. ಅಪ್ಪ ಗಂಜಿಗೆ ಕಾಲಿಟ್ಟಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಲಿಲಾವಿನ ಗದ್ದಲದಲ್ಲಿ ರೇಟು ಕೂಗುವವರ ದನಿ ಕೇಳುತ್ತೆ, ರೈತನ ಮುಖ ಕಾಣುತ್ತೆ, ಅಡತ್ತಿಯವರ ಹೆಸರು ಬೋರ್ಡಿನ ಮೇಲೆ ಇರುತ್ತೆ. ಚೀಲ ಹೊತ್ತವನನ್ನು ಜನ ನೋಡೋದು ಚೀಲ ಒಡೆದಾಗ. ನನ್ನ ಬಿ.ಇ. ಫೀಸು ಆ ಚೀಲಗಳ ಲೆಕ್ಕದಲ್ಲೇ ಕಟ್ಟಿದ್ದು. ಅಪ್ಪನ ಬೆನ್ನಿನ ಎಕ್ಸ್‌ರೇ ನೋಡಿ ಡಾಕ್ಟರು ಹೇಳಿದ್ದರು, ಕೆಳಗಿನ ಎರಡು ಮಣಿಗಳ ನಡುವೆ ಜಾಗವೇ ಉಳಿದಿಲ್ಲ ಅಂತ.

ಅದಕ್ಕೆ ಮೈಕ್ ವೆಬ್‌ಸ್ಟರ್ ಕಥೆಯನ್ನ ನಾನು ಅವತ್ತು ಅಪ್ಪನಿಗೆ ಹೇಳಲಿಲ್ಲ. ನಿಮಗೆ ಹೇಳ್ತೀನಿ. ವೆಬ್‌ಸ್ಟರ್ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಸೆಂಟರ್, ಅಂದರೆ ಸಾಲಿನ ನಟ್ಟನಡುವೆ ಬಗ್ಗಿ ನಿಂತು ಚಂಡು ಹಿಂದಕ್ಕೆ ಕೊಡುವವನು. ನಾಲ್ಕು ಸೂಪರ್ ಬೌಲ್ ಗೆದ್ದವನು. ಕೊನೆಯ ಎರಡು ಸೀಸನ್ ನನ್ನದೇ ತಂಡ ಚೀಫ್ಸ್‌ಗೆ ಆಡಿದ. ನಿವೃತ್ತಿ ಆದಮೇಲೆ ಮರೆವು, ಸಿಟ್ಟು, ನಿದ್ದೆ ಇಲ್ಲ. ಪಿಕಪ್ ಟ್ರಕ್ಕಿನಲ್ಲೇ ಮಲಗುವ ಸ್ಥಿತಿ. 2002ರಲ್ಲಿ ಸತ್ತಾಗ ವಯಸ್ಸು 50. ನೈಜೀರಿಯಾದಿಂದ ಬಂದ ಬೆನೆಟ್ ಒಮಾಲು ಅನ್ನುವ ಡಾಕ್ಟರು ಅವನ ಮೆದುಳು ಪರೀಕ್ಷಿಸಿ, ಮತ್ತೆ ಮತ್ತೆ ಬಿದ್ದ ಹೊಡೆತದಿಂದ ಆಗುವ ಸಿಟಿಇ ಅನ್ನುವ ಕಾಯಿಲೆ ಗುರುತಿಸಿದರು, 2005ರಲ್ಲಿ ಪ್ರಬಂಧ ಪ್ರಕಟಿಸಿದರು. ಲೀಗಿನ ಪರವಾಗಿದ್ದ ಡಾಕ್ಟರುಗಳು ಅದನ್ನು ವಾಪಸ್ ತಗೊಳ್ಳಿ ಅಂತ ಬರೆದರು. ಆಮೇಲೆ ಸಾವಿರಾರು ಮಾಜಿ ಆಟಗಾರರು ಕೋರ್ಟಿಗೆ ಹೋದರು. 2013ರಲ್ಲಿ ಎನ್‌ಎಫ್‌ಎಲ್ ಮೊದಲು ಒಪ್ಪಿಕೊಂಡ ಮೊತ್ತ 76.5 ಕೋಟಿ ಡಾಲರ್. ಹೆಲ್ಮೆಟ್ ಬುರುಡೆ ಕಾಪಾಡುತ್ತೆ, ಒಳಗೆ ಮೆದುಳು ಅಲುಗೋದನ್ನ ತಡೆಯೋಲ್ಲ. ಇದರಲ್ಲಿ ಸಾಲಿನವರ ಪಾಡು ಬೇರೆ. ಅವರಿಗೆ ಒಂದು ದೊಡ್ಡ ಹೊಡೆತ ಅಲ್ಲ, ಪ್ರತಿ ಆಟದಲ್ಲೂ ಹತ್ತಾರು ಸಣ್ಣ ಹೊಡೆತ. ದಿನಾ ಹೊರುವ ಚೀಲದಂಗೆ.

ಹಾಗಾದರೆ ನೋಡೋದು ಬಿಡಬೇಕಾ? ಸುಮಾರು ಸಲ ಕೇಳ್ಕೊಂಡಿದೀನಿ. ಬಿಟ್ಟಿಲ್ಲ. ಬಿಡದೇ ಇರೋದಕ್ಕೆ ದೊಡ್ಡ ತತ್ವ ಏನೂ ಇಲ್ಲ, ಆಟ ಚಂದ ಇದೆ ಅಷ್ಟೇ. ಆದರೆ 1905ರ ಕಥೆ ಒಂದು ಮಾತು ಹೇಳುತ್ತೆ. ಆಟ ಇರೋದೇ ಹೀಗೆ ಅಂತ ಆಗಲೂ ಬಹಳ ಜನ ಹೇಳಿದ್ದರು. ನಿಯಮ ಬದಲಾಯಿತು, ಆಟ ಸಾಯಲಿಲ್ಲ, ಇನ್ನೂ ಚಂದ ಆಯಿತು. ಗಂಜಿನಲ್ಲೂ ಈಗ 50 ಕೆಜಿ ಚೀಲ ಹೆಚ್ಚು ಕಾಣ್ತವೆ. ಗಂಜ್ ಮುಳುಗಿಲ್ಲ.

ಆ ಸೋಮವಾರದ ಆಟ ಹೆಚ್ಚುವರಿ ಸಮಯಕ್ಕೆ ಹೋಯಿತು. ಚೀಫ್ಸ್ ಮೂರು ಪಾಯಿಂಟ್ ಹಿಂದೆ. ನಾಲ್ಕನೇ ಪ್ರಯತ್ನ, ಬೇಕಾಗಿದ್ದು ಒಂದು ಗಜ. ತಪ್ಪಿದರೆ ಎಲ್ಲ ಮುಗೀತು. "ಡು ಆರ್ ಡೈ," ಅಂದೆ. ಅಪ್ಪ ಮುಂದಕ್ಕೆ ಬಗ್ಗಿದ. ಪ್ಯಾಟ್ರಿಕ್ ಮಹೋಮ್ಸ್ ಎಸೆಯಲಿಲ್ಲ, ತಾನೇ ಚಂಡು ಹಿಡಿದು ಎಂಟು ಗಜ ಓಡಿದ. ಮುಂದೆ ಮೆಕೋಲ್ ಹಾರ್ಡ್‌ಮನ್ ಕೈಗೆ ಸಣ್ಣ ಪಾಸ್, ಟಚ್‌ಡೌನ್, 25-22. ನಾನು ಕೂಗಿದ್ದಕ್ಕೆ ಪಕ್ಕದ ಮನೆಯ ಅಕ್ಕ ಬಂದು ಏನಾಯ್ತು ಅಂತ ಕೇಳಿ ಹೋದರು. ಪರದೆ ತುಂಬ ಬಣ್ಣದ ಕಾಗದದ ಚೂರು, ಎಲ್ಲರೂ ಮಹೋಮ್ಸ್‌ನ ತಬ್ಬಿಕೊಳ್ತಿದ್ದರು.

ಅಪ್ಪ ಇನ್ನೂ ಪರದೆ ನೋಡ್ತಿದ್ದ. "ಅಲ್ಲೋ, ಆಗ ಕೆಳಗ ಬಿದ್ದಿದ್ನಲ್ಲ ಮುಂದಿನ ಸಾಲಿನಂವ," ಅಂದ, "ಎದ್ದನೇನು ಅಂವ?"

ನಾನು ನೋಡಿರಲಿಲ್ಲ. ಹಿಂದಕ್ಕೆ ಸರಿಸಿ, ಇಬ್ಬರೂ ಮತ್ತೊಮ್ಮೆ ನೋಡಿದೆವು. ಎದ್ದಿದ್ದ.