ಮೇಳದ ಮಳಿಗೆಯಲ್ಲಿ ಲಂಬಾಣಿ ಕಸೂತಿ

ದೀಪಾವಳಿ ಸಮೀಪಿಸಿತೆಂದರೆ ನಮ್ಮ ನಗರಗಳಲ್ಲಿ ಕರಕುಶಲ ಮೇಳಗಳಿಗೆ ಸುಗ್ಗಿ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿರುವ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಅಂಗಳದಲ್ಲಂತೂ ಇಂಥ ಮೇಳಗಳು ಮೇಲಿಂದ ಮೇಲೆ ನಡೆಯುತ್ತವೆ. ಚನ್ನಪಟ್ಟಣದ ಗೊಂಬೆ, ಬೀದರಿನ ಬಿದ್ರಿ ಹೂದಾನಿ, ಇಳಕಲ್ಲಿನ ಸೀರೆ ಇವುಗಳ ನಡುವೆ ಒಂದು ಮಳಿಗೆ ದೂರದಿಂದಲೇ ನಿಮ್ಮನ್ನು ಕರೆಯುತ್ತದೆ. ಕೆಂಪು, ನೀಲಿ, ಹಳದಿ ಬಟ್ಟೆಗಳ ಮೇಲೆ ಪುಟ್ಟ ಪುಟ್ಟ ಕನ್ನಡಿಗಳು. ಅಂಚಿಗೆ ಕವಡೆ, ಕುಚ್ಚು, ಮಣಿ. ಅದು ಲಂಬಾಣಿ ಕಸೂತಿಯ ಮಳಿಗೆ. ನೀವು ಕೈಚೀಲವೊಂದನ್ನು ಎತ್ತಿಕೊಳ್ಳುತ್ತೀರಿ, ಬೆಲೆ ಕೇಳುತ್ತೀರಿ, “ಒಂದು ಚೀಲಕ್ಕೆ ಇಷ್ಟೇ?” ಎಂದು ಮೆಲ್ಲನೆ ಕೆಳಗಿಡುತ್ತೀರಿ. ಅದನ್ನು ಕೆಳಗಿಡುವ ಮುನ್ನ ಅದರ ಪೂರ್ವಕಥೆಯನ್ನು ಕೇಳುವುದು ಒಳಿತು. ಈ ಕಸೂತಿ ಮಾರಾಟಕ್ಕೆಂದು ಹುಟ್ಟಿದ್ದಲ್ಲ. ಊರೂರಿಗೆ ಸರಕನ್ನು ಹೊತ್ತು ತಂದ ಜನ ತಮಗಾಗಿಯೇ ಇಟ್ಟುಕೊಂಡ ಸೊತ್ತು ಇದು.

ಆ ಜನರ ನೆಲೆಯನ್ನು ಕಾಣಬೇಕಾದರೆ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಹೋಗಬೇಕು. 1997ರವರೆಗೆ ಈ ಸೀಮೆ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಬಂಜಾರರ ಗುರುವಾದ ಸಂತ ಸೇವಾಲಾಲರು 1739ರಲ್ಲಿ ಇಲ್ಲಿಯೇ ಜನಿಸಿದರೆಂದು ಭಕ್ತರು ನಂಬುತ್ತಾರೆ. ಕ್ಷೇತ್ರವನ್ನು ಭಾಯಾಗಡವೆಂದು ಕರೆಯುತ್ತಾರೆ. ಪ್ರತಿ ವರ್ಷ ಫೆಬ್ರವರಿ ನಡುವಿನಲ್ಲಿ ಜಯಂತಿ ನಡೆಯುತ್ತದೆ. ಮಾಲೆ ಧರಿಸಿದ ಭಕ್ತರು ದೂರದೂರದ ತಾಂಡಾಗಳಿಂದ ಕಾಲ್ನಡಿಗೆಯಲ್ಲಿ ಬರುತ್ತಾರೆ. ಉಳಿದ ದಿನಗಳಲ್ಲಿ ಸೀರೆಯುಡುವ ಹೆಂಗಸರಲ್ಲಿ ಹಲವರು ಅಂದು ಪೆಟ್ಟಿಗೆಯಿಂದ ಫೇಟಿಯಾ ಎಂಬ ಲಂಗವನ್ನೂ ಕಾಂಚಳಿ ಎಂಬ ರವಿಕೆಯನ್ನೂ ಛಾಂಟಿಯಾ ಎಂಬ ಮೇಲುಹೊದಿಕೆಯನ್ನೂ ಹೊರತೆಗೆಯುತ್ತಾರೆ. ಮೇಳದ ಮಳಿಗೆಯಲ್ಲಿ ನೀವು ತುಂಡು ತುಂಡಾಗಿ ಕಂಡದ್ದು ಅಲ್ಲಿ ಇಡಿಯಾಗಿ, ಮೈಮೇಲೆ, ನಡೆದಾಡುತ್ತಿರುತ್ತದೆ.

ಲಂಬಾಣಿ ಎಂಬ ಹೆಸರು ಲವಣದಿಂದ, ಅಂದರೆ ಉಪ್ಪಿನಿಂದ, ಬಂದಿತೆಂದು ಹಲವರು ಹೇಳುವುದುಂಟು. ಹೆಸರಿನ ಮೂಲ ಹೇಗೇ ಇರಲಿ, ಕಸುಬಂತೂ ಅದೇ. ಎತ್ತುಗಳ ಬೆನ್ನಿಗೆ ಗೋಣಿ ಹೇರಿ ಧಾನ್ಯವನ್ನೂ ಉಪ್ಪನ್ನೂ ನಾಡಿನಿಂದ ನಾಡಿಗೆ ಸಾಗಿಸುವುದು ಬಂಜಾರರ ವೃತ್ತಿಯಾಗಿತ್ತು. ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ 1632ರಲ್ಲಿ ಉತ್ತರ ಭಾರತದ ದಾರಿಯಲ್ಲಿ ಇಂಥದೊಂದು ತಾಂಡಾವನ್ನು ಎದುರುಗೊಂಡ. ಧಾನ್ಯ ಹೇರಿದ ಎತ್ತುಗಳು 14,000 ಇದ್ದುವೆಂದು ಅವನು ಬರೆದಿಟ್ಟಿದ್ದಾನೆ. ದಿನಕ್ಕೆ ಆರೇಳು ಮೈಲಿಯ ನಡಿಗೆ. ಹೆಂಡಿರು ಮಕ್ಕಳೆಲ್ಲ ಜೊತೆಯಲ್ಲೇ. ಸಂಸಾರವೇ ರಸ್ತೆಯ ಮೇಲೆ ಎಂದರಾಯಿತು.

ಇಷ್ಟು ದವಸ ಸಾಗಿಸಬಲ್ಲವರನ್ನು ಅರಸರು ಬಿಟ್ಟಾರೆಯೇ? ಮೊಗಲರ ದಂಡಿಗೆ ಅನ್ನ ಒದಗಿದ್ದು ಇವರ ಎತ್ತುಗಳಿಂದ. ನಮ್ಮ ನಾಡಿನ ಚರಿತ್ರೆಯಲ್ಲೂ ಇವರ ಪಾತ್ರ ಸಣ್ಣದಲ್ಲ. 1791ರಲ್ಲಿ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದಿದ್ದ ಕಾರ್ನ್‌ವಾಲಿಸನು ಮದ್ದುಗುಂಡು ಇದ್ದೂ ಮೇವು-ದವಸಗಳಿಲ್ಲದೆ ಹಿಂದಿರುಗಬೇಕಾಯಿತು. ಮರುವರ್ಷ ಅವನು ಮತ್ತೆ ಬಂದಾಗ ಬಂಜಾರರ ಎತ್ತುಗಳು ಅವನ ಸೈನ್ಯಕ್ಕೆ ಧಾನ್ಯ ತರುತ್ತಿದ್ದುವು. ಕೋಟೆ ಕೊತ್ತಲಗಳ ಕಥೆಯನ್ನು ನಾವು ಶಾಲೆಯಲ್ಲಿ ಓದಿದೆವು. ಆ ದಂಡಿಗೆ ದವಸ ಹೊತ್ತವರ ಕಥೆಯನ್ನು ಓದಲಿಲ್ಲ.

ಈಗ ಆ ಕೈಚೀಲದ ಕಡೆಗೆ ತಿರುಗೋಣ. ನಿತ್ಯ ಡೇರೆ ಬಿಚ್ಚಿ ಡೇರೆ ಹೂಡುವ ಸಂಸಾರದಲ್ಲಿ ಗೋಡೆಯಿಲ್ಲ, ಬೀರುವಿಲ್ಲ. ಇದ್ದದ್ದೆಲ್ಲ ಚೀಲದಲ್ಲಿ, ಇಲ್ಲವೆ ಮೈಮೇಲೆ. ಎಲೆ ಅಡಿಕೆಗೊಂದು ಸಂಚಿ, ಹಣಕ್ಕೊಂದು ಸಂಚಿ, ತಲೆಯ ಮೇಲೆ ಕೊಡ ಕೂರಿಸಲು ಕವಡೆ ಕಟ್ಟಿದ ಸಿಂಬೆ. ಮಂದೆಯ ಮುಂದಾಳಾದ ಎತ್ತಿಗೂ ಅಲಂಕಾರದ ಹೊದಿಕೆ. ಹಳೆಯ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದಿಟ್ಟು ಒತ್ತೊತ್ತಾಗಿ ಹೊಲಿದರೆ ಅದು ಚೆಲುವಾಗುವುದಷ್ಟೇ ಅಲ್ಲ, ಗಟ್ಟಿಯೂ ಆಗುತ್ತದೆ. ಈ ಕಸೂತಿಯಲ್ಲಿ ಅಂದವೂ ಬಾಳಿಕೆಯೂ ಒಂದೇ ಸೂಜಿಯ ಕೆಲಸ.

ಧಾರವಾಡದ ಕಸೂತಿಯನ್ನು ಬಲ್ಲ ಗೃಹಿಣಿಯರಿಗೆ ಇವೆರಡರ ಭೇದ ಕೂಡಲೇ ತಿಳಿಯುತ್ತದೆ. ಅಲ್ಲಿ ಬಟ್ಟೆಯ ಎಳೆಗಳನ್ನೆಣಿಸಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯಲ್ಲಿ ಗೋಪುರ, ತೇರು, ಆನೆಗಳನ್ನು ಮೂಡಿಸುತ್ತಾರೆ. ಇಲ್ಲಿ ಕನ್ನಡಿ, ತೇಪೆ, ಕವಡೆಗಳ ಸುತ್ತ ಚೌಕ, ತ್ರಿಕೋಣ, ವೃತ್ತಗಳ ಓಟ. ಕಿಲನ್, ವೇಲೆ, ಮಾಕಿ, ನಕ್ರಾ ಮುಂತಾಗಿ ಹದಿನಾಲ್ಕು ಹೊಲಿಗೆಗಳನ್ನು ಹೆಸರಿಸುತ್ತಾರೆ. ಅವುಗಳಲ್ಲಿ ಒಂದರ ಹೆಸರು ಕೌದಿ. ಆ ಮಾತು ನಮ್ಮ ಅಜ್ಜಿಯಂದಿರಿಗೂ ಹೊಸದಲ್ಲ. ತಾಯಿಯ ಪಕ್ಕದಲ್ಲಿ ಕುಳಿತೇ ಮಗಳು ಕಲಿಯುತ್ತಿದ್ದಳು. ಬಂಜಾರರ ಮಾತಿಗೆ ಸ್ವಂತ ಲಿಪಿಯಿಲ್ಲ. ಹಾಗಾಗಿ ಹಾಡಿನಂತೆ ಈ ಹೊಲಿಗೆಯೂ ಪುಸ್ತಕದ ನೆರವಿಲ್ಲದೆ ಉಳಿದು ಬಂದಿತು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಜನರ ಬದುಕು ತಲೆಕೆಳಗಾಯಿತು. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. ಹಳಿ ಮುಂದುವರಿದಲ್ಲೆಲ್ಲ ಎತ್ತಿನ ಹೇರು ಹಿಂದೆ ಸರಿಯಿತು. ದಿನಕ್ಕೆ ಆರೇಳು ಮೈಲಿ ನಡೆಯುವ ತಾಂಡಾ ಉಗಿಬಂಡಿಯೊಡನೆ ಸ್ಪರ್ಧಿಸುವುದುಂಟೆ? ಕಸುಬು ಹೋಯಿತು, ಮೇಲಿನಿಂದ ಕಳಂಕವೂ ಬಂತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಪಟ್ಟಿಗೆ ಹಲವು ಪ್ರಾಂತ್ಯಗಳಲ್ಲಿ ಬಂಜಾರರ ಕೆಲವು ಗುಂಪುಗಳನ್ನೂ ಸೇರಿಸಿದರು. ಒಂದು ಕಾಲಕ್ಕೆ ಸರ್ಕಾರದ ದಂಡಿಗೆ ಅನ್ನ ತಂದವರನ್ನೇ ಸರ್ಕಾರವು ಹುಟ್ಟಿನಿಂದಲೇ ಶಂಕಿತರೆಂದು ಎಣಿಸಿತು. ತಾಂಡಾಗಳು ಊರ ಹೊರಗೆ ನೆಲೆಯೂರಿದುವು. ಗಂಡಸರು ಕೂಲಿಗೂ ಬೇಸಾಯಕ್ಕೂ ತಿರುಗಿದರು. ಹೆಂಗಸರ ಕೈಯ ಸೂಜಿ ಮಾತ್ರ ನಿಲ್ಲಲಿಲ್ಲ.

1952 ಎರಡು ಕಾರಣಗಳಿಗಾಗಿ ನೆನೆಯತಕ್ಕ ವರ್ಷ. ಆ ವರ್ಷ ಅಪರಾಧಿ ಬುಡಕಟ್ಟುಗಳ ಕಾಯಿದೆ ರದ್ದಾಯಿತು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾಯಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅದರ ಅಧ್ಯಕ್ಷತೆ ವಹಿಸಿದರು. ಒಂದು ಕಡೆ ಕಳಂಕ ಕಳಚಿತು, ಇನ್ನೊಂದು ಕಡೆ ಕೈಕಸುಬಿಗೆ ನಾಡಿನ ಮನ್ನಣೆ ದೊರೆಯತೊಡಗಿತು. ಆದರೆ ಮನ್ನಣೆಯ ಬೆನ್ನಿಗೆ ವ್ಯಾಪಾರಿಗಳೂ ಬಂದರು. ತಾಂಡಾಗಳಲ್ಲಿ ತಲೆಮಾರಿನಿಂದ ಬಂದ ಲಂಗ, ಹೊದಿಕೆಗಳನ್ನು ಅಗ್ಗಕ್ಕೆ ಕೊಂಡು, ಕತ್ತರಿಸಿ, ದಿಂಬಿನ ಗೌಸು ಚೀಲಗಳನ್ನಾಗಿಸಿ ಮಾರಿದರು. ಅಜ್ಜಿಯ ಮದುವೆಯ ಉಡುಗೆ ಪರವೂರಿನ ಸೋಫಾದ ಮೇಲೆ ಕುಳಿತಿತು. ಹೊಲಿದ ಕೈಗೆ ಅದರಿಂದ ಬಂದದ್ದು ಅಲ್ಪ.

ಇದಕ್ಕೆ ಬೇರೊಂದು ದಾರಿಯನ್ನು ತೋರಿದ್ದು ಬಳ್ಳಾರಿ ಜಿಲ್ಲೆಯ ಸಂಡೂರು. ಅಲ್ಲಿನ ಸಂಡೂರು ಕುಶಲ ಕಲಾ ಕೇಂದ್ರವು 1980ರ ದಶಕದಿಂದ ತಾಂಡಾದ ಹೆಂಗಸರಿಂದ ಹೊಸ ಕೆಲಸವನ್ನೇ ಮಾಡಿಸಿ ಮಾರುತ್ತ ಬಂದಿದೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಯಿಂದ ಮೂಡಿದ 1,755 ತೇಪೆಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ದಾಖಲೆ ಸಂತೋಷದ ಮಾತೇ ಸರಿ. ಅದಕ್ಕಿಂತ ಮುಖ್ಯವಾದದ್ದು ವರ್ಷವಿಡೀ ಸಿಗುವ ಕೆಲಸ. ಸುಗ್ಗಿ ಮುಗಿದೊಡನೆ ಅನೇಕ ತಾಂಡಾಗಳ ಸಂಸಾರಗಳು ಕಬ್ಬು ಕಡಿಯಲೋ ಕಟ್ಟಡದ ಕೂಲಿಗೋ ಗುಳೆ ಹೋಗುತ್ತವೆ. ಮಕ್ಕಳ ಓದು ಅರ್ಧಕ್ಕೇ ನಿಲ್ಲುತ್ತದೆ. ಮನೆಯಲ್ಲೇ ಕುಳಿತು ಮಾಡುವ ಕೆಲಸಕ್ಕೆ ನ್ಯಾಯವಾದ ಕೂಲಿ ಸಿಕ್ಕರೆ ತಾಯಿಯೊಬ್ಬಳು ಊರಲ್ಲೇ ಉಳಿಯಬಹುದು, ಮಗುವೂ ಶಾಲೆಯಲ್ಲಿ ಉಳಿದೀತು.

ಆದ್ದರಿಂದ ಮುಂದಿನ ಮೇಳದಲ್ಲಿ ಆ ಮಳಿಗೆಯ ಮುಂದೆ ನಿಂತಾಗ ಮೂರು ಮಾತು ನೆನಪಿಡಿ. ಬಟ್ಟೆಯ ಒಳಮಗ್ಗುಲನ್ನು ತಿರುಗಿಸಿ ನೋಡಿ. ಕೈಹೊಲಿಗೆಯಲ್ಲಿ ಗಂಟು, ಏರುಪೇರು ಸಹಜ, ಯಂತ್ರದ ಹೊಲಿಗೆ ಒಂದೇ ಅಚ್ಚಿನಂತಿರುತ್ತದೆ. ಕನ್ನಡಿಯನ್ನು ದಾರ ಹಿಡಿದಿದೆಯೋ ಅಂಟು ಹಿಡಿದಿದೆಯೋ ಪರೀಕ್ಷಿಸಿ. ಕೊನೆಗೆ, ಹೊಲಿದವರು ಯಾವ ತಾಂಡಾದವರೆಂದು ವಿಚಾರಿಸಿ. ಉತ್ತರ ತಡೆಯಿಲ್ಲದೆ ಬಂದರೆ ನೀವು ಕೊಟ್ಟ ಹಣ ಆ ಕೈಗೆ ತಲುಪುವ ಸಂಭವ ಹೆಚ್ಚು. ಹಳೆಯ ಉಡುಗೆಯನ್ನು ಕತ್ತರಿಸಿ ಮಾಡಿದ ವಸ್ತುವಿಗಿಂತ ಹೊಸದಾಗಿ ಹೊಲಿದದ್ದನ್ನೇ ಕೊಳ್ಳಿ. ಹಳೆಯ ಉಡುಗೆ ಅದರವರ ಪೆಟ್ಟಿಗೆಯಲ್ಲೇ ಇರಲಿ. ಫೆಬ್ರವರಿಯಲ್ಲಿ ಸೂರಗೊಂಡನಕೊಪ್ಪಕ್ಕೆ ಹೋಗುವಾಗ ಅವರಿಗೆ ಅದು ಬೇಕಾಗುತ್ತದೆ.